ಮೈಕಿನ ಕತ್ತು ಹಿಸುಕಬೇಡಿ
ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಹಾಡು ಏರುಸ್ವರಕ್ಕೆ ಹೋಗುತ್ತಿದ್ದಂತೆ ಗಾಯಕರ ಕೈಯೂ ಮೇಲೇರಿ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದುಬಿಡುತ್ತದೆ. ಮರುಕ್ಷಣ ಕುಂಯ್ ಎಂಬ ಕೂಗು. ಎಲ್ಲರ ಕಣ್ಣೂ ಸೌಂಡಿನವನ ಮೇಲೆ. ಪಾಪ, ತಪ್ಪು ಅವನದಲ್ಲ. 1966ರಲ್ಲಿ ಬಂದು ಇವತ್ತಿಗೂ ವೇದಿಕೆ ಆಳುತ್ತಿರುವ ಶೂರ್ ಎಸ್‌ಎಂ58ನಂಥ ಮೈಕುಗಳು ಎದುರಿನ ದನಿಯನ್ನು ಚೆನ್ನಾಗಿ ಹಿಡಿದು, ಹಿಂದಿನ ಸದ್ದನ್ನು ಆದಷ್ಟೂ ಬಿಟ್ಟುಬಿಡುತ್ತವೆ. ಆ ಜಾಣತನವಿರುವುದು ಜಾಲರಿಯೊಳಗೆ, ಹಿಂಬದಿಯಿಂದಲೂ ಸದ್ದು ಒಳಬರಲೆಂದು ಬಿಟ್ಟ ಸಣ್ಣ ಕಿಂಡಿಗಳಲ್ಲಿ. ಅಂಗೈಯಿಂದ ಮುಚ್ಚಿದಿರೋ, ಮೈಕು ಸುತ್ತಲಿನದನ್ನೆಲ್ಲ ಕೇಳಿಸಿಕೊಳ್ಳತೊಡಗುತ್ತದೆ, ಕಾಲಬುಡದ ಮಾನಿಟರ್ ಸ್ಪೀಕರನ್ನೂ. ತುಟಿಗೆ ತೀರಾ ಹತ್ತಿರ ತಂದರೆ ದನಿ ದಪ್ಪಗಾಗುತ್ತದೆ. ಮೆಲುದನಿಯ ಭಾವಗೀತೆಗೆ ಅದು ಒಪ್ಪುತ್ತದೆ, ತಾರಸ್ಥಾಯಿಯಲ್ಲಿ ಮಾತ್ರ ನಾಲ್ಕು ಬೆರಳು ದೂರ ಸರಿಸಬೇಕು. ಭಾಷಣಕಾರರದು ಬೇರೆಯೇ ಕಥೆ: ಮೈಕನ್ನು ಹೊಟ್ಟೆಯ ಹತ್ತಿರ ಹಿಡಿದುಕೊಂಡು ‘ಹಿಂದಿನವರಿಗೆ ಕೇಳಿಸ್ತಾ ಇದೆಯಾ?’ ಎನ್ನುತ್ತಾರೆ. ಇನ್ನು, ಊದಿ, ಬಡಿದು ನೋಡುವ ಮಹನೀಯರಲ್ಲಿ ಒಂದು ವಿನಂತಿ: ಏಟು ತಿನ್ನುವುದು ಒಳಗಿನ ತೆಳು ಪೊರೆ, ಪರೀಕ್ಷೆಗೆ ಎರಡು ಮಾತಾಡಿದರೆ ಸಾಕು.