ಗುಪ್ತರೋಗದ ಭಿತ್ತಿಪತ್ರಗಳನ್ನು ನಂಬುವ ಮುನ್ನ



ಸವದತ್ತಿಯ ಸುತ್ತಲ ಗೋಡೆಗಳ ಮೇಲೆ ಪುರುಷರ ಗುಪ್ತರೋಗಕ್ಕೆ ಖಚಿತ ಚಿಕಿತ್ಸೆಯೆಂದು ಸಾರುವ ಭಿತ್ತಿಪತ್ರಗಳನ್ನು ಕಂಡಾಗಲೆಲ್ಲ, ಲಜ್ಜೆಯಿಂದ ಬಾಯಿಬಿಡಲಾರದೆ ಅವುಗಳನ್ನೇ ನಂಬಿ ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳುವ ನಮ್ಮ ಭಾಗದ ಗಂಡಸರನ್ನು ನೆನೆದು ಮನಸ್ಸು ಮರುಗುತ್ತದೆ. ಇಂತಹ ಜಾಹೀರಾತುಗಳನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ.

ಈ ಭಿತ್ತಿಪತ್ರಗಳು ಗುಪ್ತರೋಗವೆಂದು ಕರೆಯುವ ನಿಮಿರು ದೌರ್ಬಲ್ಯವು ಪೂರ್ವಪಾಪದ ಫಲವೂ ಅಲ್ಲ, ಯೌವನದ ಹಸ್ತಮೈಥುನಕ್ಕೆ ದೊರೆತ ಶಿಕ್ಷೆಯೂ ಅಲ್ಲ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಕಿರಿದಾದುದರಿಂದ, ಮಧುಮೇಹ, ಅಧಿಕ ರಕ್ತದೊತ್ತಡ, ಬೀಡಿ ಸಿಗರೇಟುಗಳು ದೇಹದ ನಾಳಗಳಿಗೆಲ್ಲ ಎಸಗುವ ಹಾನಿಯು ಮೊದಲು ಅಲ್ಲಿಯೇ ಪ್ರಕಟವಾಗಿ, ಹೃದ್ರೋಗವು ಕೆಲವು ವರ್ಷಗಳ ತರುವಾಯ ತಲೆದೋರುವುದುಂಟು. ಮದ್ಯ, ಚಿಂತೆ, ಖಿನ್ನತೆ, ಕೆಲವು ಔಷಧಗಳೂ ಕಾರಣವಾಗಬಲ್ಲವು. ಆದುದರಿಂದ ಲೇಹ್ಯಕ್ಕೆ ಕೈಯೊಡ್ಡುವ ಮೊದಲು ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಪರೀಕ್ಷಿಸಿಕೊಳ್ಳುವುದು ಅತ್ಯವಶ್ಯ.

1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆಯು ಅನೇಕರಿಗೆ ಉಪಕಾರಿಯೇ ಸರಿ. ಆದರೆ ಎದೆನೋವಿಗೆಂದು ನೈಟ್ರೇಟ್ ಸೇವಿಸುವವರು ಅದನ್ನು ನುಂಗಿದರೆ ರಕ್ತದೊತ್ತಡವು ಹಠಾತ್ತನೆ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳುವವರು ಇದನ್ನು ಅರಿಯಬೇಕು. ಮಾತ್ರೆ ಫಲಿಸದವರಿಗೆ ಚುಚ್ಚುಮದ್ದು, ನಿರ್ವಾತ ಸಾಧನ, ಶಸ್ತ್ರಚಿಕಿತ್ಸೆಗಳೂ ಇವೆ. ಮನಸ್ಸಿನ ಭಯವೇ ಮೂಲವಾದವರಿಗೆ ಪತ್ನಿಯೊಡನೆ ಕುಳಿತು ಪಡೆಯುವ ಆಪ್ತಸಲಹೆಯು ಹೆಚ್ಚಿನ ಗುಣವನ್ನುಂಟುಮಾಡಬಹುದು.

ವೈದ್ಯೆಯೂ ಲೇಖಕಿಯೂ ಆದ ಅನುಪಮಾ ನಿರಂಜನರು 'ದಾಂಪತ್ಯ ದೀಪಿಕೆ'ಯನ್ನು ಬರೆದ ಈ ಭಾಷೆಯಲ್ಲಿ ಇಂತಹ ವಿಷಯಕ್ಕೆ ಸಂಕೋಚವೇಕೆ? ತಮ್ಮ ಪತ್ರಿಕೆಯು ನುರಿತ ವೈದ್ಯರೊಬ್ಬರಿಂದ ಪ್ರಶ್ನೋತ್ತರ ಅಂಕಣವನ್ನು ಆರಂಭಿಸಿ, ಪ್ರಶ್ನಿಸುವವರ ಹೆಸರನ್ನು ಗೌಪ್ಯವಾಗಿಡಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ನವಿಲುತೀರ್ಥ