ಬರವಣಿಗೆಗೂ ಒಂದು ಲ್ಯಾಬ್ ಬೇಕು

ಎಂಜಿನಿಯರಿಂಗ್ ಓದುವವರಿಗೆ ಲ್ಯಾಬ್‌ಗಳ ಕೊರತೆಯಿಲ್ಲ. ಫಿಸಿಕ್ಸ್ ಲ್ಯಾಬ್, ಕೆಮಿಸ್ಟ್ರಿ ಲ್ಯಾಬ್, ಪ್ರೋಗ್ರಾಮಿಂಗ್ ಲ್ಯಾಬ್, ಜೊತೆಗೆ ವರ್ಕ್‌ಶಾಪ್. ಇಷ್ಟೊಂದು ಲ್ಯಾಬ್ ಯಾಕೆಂದರೆ, ಕೈಯಾರೆ ಮಾಡದೆ ಈ ವಿದ್ಯೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಪ್ರೋಗ್ರಾಂ ಬರೆದು, ಅದು ಓಡದೆ, ಎಲ್ಲಿ ತಪ್ಪಿದೆ ಎಂದು ಹುಡುಕಿ, ತಿದ್ದಿ ಮತ್ತೆ ಓಡಿಸಿದಾಗಲೇ ಕೋಡಿಂಗ್ ಕೈಹಿಡಿಯುತ್ತದೆ. ಆದರೆ ನಾಲ್ಕು ವರ್ಷವೂ ನಾವು ಬಿಡದೆ ಮಾಡುವ ಇನ್ನೊಂದು ಕೆಲಸಕ್ಕೆ ಮಾತ್ರ ಲ್ಯಾಬ್ ಇಲ್ಲ. ಅದು ಓದುವುದು ಮತ್ತು ಬರೆಯುವುದು.

ಲೆಕ್ಕ ಹಾಕಿದರೆ ನಾವು ಬರೆಯುವುದು ಕಡಿಮೆಯೇನಲ್ಲ. ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್, ಸೆಮಿನಾರ್ ವರದಿ, ಇಂಟರ್ನ್‌ಶಿಪ್ ವರದಿ, ಕೊನೆಯಲ್ಲಿ ದಪ್ಪ ರಟ್ಟಿನ ಪ್ರಾಜೆಕ್ಟ್ ರಿಪೋರ್ಟ್. ಇವುಗಳಲ್ಲಿ ಎಷ್ಟನ್ನು ಯಾರಾದರೂ ಪೂರ್ತಿ ಓದುತ್ತಾರೆ? ರೆಕಾರ್ಡಿಗೆ ಕೆಂಪು ಶಾಯಿಯ ಸಹಿ ಬೀಳುತ್ತದೆ, ರಿಪೋರ್ಟ್ ಕಪಾಟು ಸೇರುತ್ತದೆ. ‘ಈ ವಾಕ್ಯ ನನಗೆ ಅರ್ಥವಾಗಲಿಲ್ಲ, ನೀನು ಹೇಳಲು ಹೊರಟಿದ್ದೇನು?’ ಎಂದು ಕೇಳುವವರು ಅಪರೂಪ. ಇದಕ್ಕೆ ಉಪನ್ಯಾಸಕರನ್ನು ದೂರಿ ಫಲವಿಲ್ಲ. ಒಂದು ಸೆಕ್ಷನ್ನಿನಲ್ಲಿ 60 ಮಂದಿ ಇದ್ದು, ತಲಾ ನಾಲ್ಕು ಪುಟ ಬರೆದರೆ 240 ಪುಟ. ಅಂಥ ಎರಡು ಮೂರು ಸೆಕ್ಷನ್‌ಗೆ ಪಾಠ ಮಾಡುವವರು ಪ್ರತಿ ಸಾಲನ್ನೂ ಓದಿ ಮಾತಾಡಿಸುವುದು ಆಗದ ಮಾತು.

ಪಠ್ಯಕ್ರಮದಲ್ಲಿ ಬರವಣಿಗೆ ಇಲ್ಲವೇ ಇಲ್ಲ ಎಂದಲ್ಲ. ಮೊದಲ ವರ್ಷದಲ್ಲಿ ವೃತ್ತಿಪರ ಬರವಣಿಗೆ ಎಂಬ ಹೆಸರಿನ ಇಂಗ್ಲಿಷ್ ವಿಷಯವನ್ನೇ ನಾವು ಓದಿದೆವು. ಕನ್ನಡಕ್ಕೂ ಒಂದು ಕ್ರೆಡಿಟ್ ಇತ್ತು. ಸೆಮಿಸ್ಟರ್ ಪರೀಕ್ಷೆ ಒಂದು ಗಂಟೆ, 50 ಪ್ರಶ್ನೆ, ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸಿದರೆ ಆಯಿತು. ಅಂದರೆ, ಬರವಣಿಗೆಯ ಪರೀಕ್ಷೆಯನ್ನು ಒಂದೇ ಒಂದು ವಾಕ್ಯ ಬರೆಯದೆ ಪಾಸು ಮಾಡಬಹುದು. ದಡದ ಮೇಲೆ ಕೂರಿಸಿ ಈಜಿನ ಬಗ್ಗೆ ಪ್ರಶ್ನೆ ಕೇಳಿದ ಹಾಗೆ.

ಇದರ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಎಂಜಿನಿಯರಿಂಗ್ ಪುಸ್ತಕದ ಒಂದು ಪುಟ ಎಂದರೆ ಎರಡು ಕೆಲಸ. ಸಾಲು ಸಾಲಾಗಿ ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳುತ್ತಾ ಹೋಗುತ್ತಾರೆ. ಪುಟದ ಕೊನೆಗೆ ಬರುವಷ್ಟರಲ್ಲಿ ಮೇಲೆ ಓದಿದ್ದು ಮರೆತಿರುತ್ತದೆ. ಸರ್ಕ್ಯೂಟ್ ಮುಂದಿಟ್ಟರೆ ಲೀಲಾಜಾಲವಾಗಿ ವಿವರಿಸುವವರೇ ಅದನ್ನು ಹತ್ತು ಅಂಕದ ಉತ್ತರವಾಗಿ ಬರೆಯುವಾಗ ತಡವರಿಸುತ್ತಾರೆ. ಕೊನೆಗೆ ನೋಟ್ಸ್ ಬಾಯಿಪಾಠವೇ ಗತಿಯಾಗುತ್ತದೆ. ಅಂಕಪಟ್ಟಿ ನೋಡಿದವರು ‘ವಿಷಯ ಗೊತ್ತಿಲ್ಲ’ ಎಂದುಕೊಳ್ಳುತ್ತಾರೆ. ಗೊತ್ತಿರುವುದು ಕಾಗದಕ್ಕೆ ಇಳಿದಿಲ್ಲ ಅಷ್ಟೇ.

ಇನ್ನು ನಕಲಿನ ವಿಚಾರ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮಾವಳಿ ತಂದಿತು. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, ಅದಕ್ಕಿಂತ ಹೆಚ್ಚಿದ್ದರೆ ಹಂತ ಹಂತವಾಗಿ ಕ್ರಮ. ಉದ್ದೇಶ ಒಳ್ಳೆಯದೇ. ಆದರೆ ಸ್ವಂತವಾಗಿ ಬರೆಯುವುದು ಹೇಗೆಂದು ಯಾರೂ ಹೇಳಿಕೊಡದಿದ್ದರೆ ವಿದ್ಯಾರ್ಥಿ ಏನು ಮಾಡುತ್ತಾನೆ? ತಂತ್ರಾಂಶಕ್ಕೆ ಸಿಗದಂತೆ ಪದ ಬದಲಿಸುವುದನ್ನು ಕಲಿಯುತ್ತಾನೆ. ಈಗಂತೂ ಚಾಟ್‌ಬಾಟ್‌ಗೆ ಹೇಳಿದರೆ ಇಡೀ ಅಧ್ಯಾಯವೇ ತಯಾರು. ಭಾಷೆ ಸೊಗಸಾಗಿರುತ್ತದೆ, ಆದರೆ ವೈವಾದಲ್ಲಿ ‘ಈ ಪ್ಯಾರಾ ವಿವರಿಸು’ ಎಂದರೆ ಮೌನ. ಬರೆಯುವಾಗ ಕೈ ನಿಂತ ಜಾಗದಲ್ಲೇ ನಮಗೆ ಯಾವುದು ಅರ್ಥವಾಗಿಲ್ಲ ಎಂದು ತಿಳಿಯುವುದು. ಆ ನಿಲುಗಡೆಯನ್ನೇ ಯಂತ್ರಕ್ಕೆ ಬಿಟ್ಟುಕೊಟ್ಟರೆ ಕಲಿಕೆ ಎಲ್ಲಿ ಉಳಿಯಿತು?

‘ಎಂಜಿನಿಯರ್‌ಗೆ ಯಾಕಪ್ಪಾ ಸಾಹಿತ್ಯ?’ ಎಂದು ಕೇಳುವವರಿದ್ದಾರೆ. ಇದು ಸಾಹಿತ್ಯದ ಮಾತಲ್ಲ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಪ್ರಾಣ ಕಳೆದುಕೊಂಡರು. ಉಡಾವಣೆಯ ವೇಳೆ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರ್‌ಗಳು ಅಪಾಯದ ಲೆಕ್ಕ ಹಾಕಿ ಸ್ಲೈಡ್‌ಗಳಲ್ಲಿ ಮಂಡಿಸಿದ್ದರು. ಬಡಿದ ತುಂಡು, ಹಿಂದೆ ಪರೀಕ್ಷಿಸಿ ನೋಡಿದ್ದಕ್ಕಿಂತ ಗಾತ್ರದಲ್ಲಿ 600 ಪಟ್ಟಿಗೂ ಹೆಚ್ಚು ದೊಡ್ಡದು ಎಂಬ ಮುಖ್ಯ ಸಂಗತಿ ಒಂದು ಸ್ಲೈಡಿನ ಕೊನೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಡಗಿತ್ತು. ತಲೆಬರಹ ಮಾತ್ರ ಧೈರ್ಯ ತುಂಬುವಂತಿತ್ತು. ದುರಂತಕ್ಕೆ ಕಾರಣಗಳು ಹಲವು. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ, ಸರಿಯಾದ ತಾಂತ್ರಿಕ ವರದಿ ಬರೆಯುವ ಬದಲು ಪವರ್‌ಪಾಯಿಂಟ್ ಸ್ಲೈಡ್‌ಗಳನ್ನೇ ನೆಚ್ಚಿಕೊಂಡ ಪದ್ಧತಿಯನ್ನೂ ಟೀಕಿಸಿತು. ಲೆಕ್ಕ ಮಾಡಿದರೆ ಮುಗಿಯಲಿಲ್ಲ, ಓದುವವರಿಗೆ ತಲುಪುವಂತೆ ಬರೆಯುವುದೂ ಎಂಜಿನಿಯರ್ ಕೆಲಸವೇ.

ಹಾಗಾದರೆ ದಾರಿ ಏನು? ಹೊರಗೆ ಇದಕ್ಕೊಂದು ಸರಳ ವ್ಯವಸ್ಥೆ ಇದೆ. ಅದರ ಹೆಸರು ರೈಟಿಂಗ್ ಸೆಂಟರ್, ಬರವಣಿಗೆ ಕೇಂದ್ರ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಏರೋನಾಟಿಕಲ್ ಎಂಜಿನಿಯರಿಂಗ್ ಓದಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಅಲ್ಲಿ 1976ರಲ್ಲಿ ಇಂಥ ಕೇಂದ್ರ ಶುರುವಾಯಿತು. ಅದಕ್ಕೆ ಅವರು ಇಟ್ಟ ಹೆಸರೇ ರೈಟಿಂಗ್ ಲ್ಯಾಬ್. 1990ರ ದಶಕದಲ್ಲಿ ಅದರ ಪಾಠಗಳು ಅಂತರ್ಜಾಲಕ್ಕೂ ಬಂದು ಇಂದು ಜಗತ್ತಿನ ಯಾರು ಬೇಕಾದರೂ ಉಚಿತವಾಗಿ ಓದಬಹುದು. ನಮ್ಮ ದೇಶದಲ್ಲೂ ಹರಿಯಾಣದ ಅಶೋಕ ವಿಶ್ವವಿದ್ಯಾಲಯದಂಥ ಕೆಲವು ಕಡೆ ಇಂಥ ಕೇಂದ್ರಗಳಿವೆ.

ಅಲ್ಲಿ ನಡೆಯುವುದು ತರಗತಿಯಲ್ಲ. ವಿದ್ಯಾರ್ಥಿ ತನ್ನ ಕರಡು ಹಿಡಿದು ಸಮಯ ಗೊತ್ತು ಮಾಡಿಕೊಂಡು ಹೋಗುತ್ತಾನೆ. ಎದುರಿಗೆ ಕೂರುವವರು ಹೆಚ್ಚಾಗಿ ತರಬೇತಿ ಪಡೆದ ಇನ್ನೊಬ್ಬ ವಿದ್ಯಾರ್ಥಿಯೇ. ಬರೆದವನೇ ತನ್ನ ಕರಡನ್ನು ಗಟ್ಟಿಯಾಗಿ ಓದಬೇಕು. ಓದುತ್ತಿದ್ದಂತೆ ಎಲ್ಲಿ ಎಡವುತ್ತದೆ ಎಂಬುದು ಅವನ ಕಿವಿಗೇ ಕೇಳಿಸುತ್ತದೆ. ಎದುರಿಗಿದ್ದವರು ಕೇಳುವ ಪ್ರಶ್ನೆಗಳು ನೇರ: ನೀನು ಸಾಬೀತು ಮಾಡಲು ಹೊರಟಿದ್ದು ಯಾವುದು? ಈ ಗ್ರಾಫ್ ಇಲ್ಲಿ ಯಾಕೆ ಬಂತು? ಇದನ್ನು ಬೇರೆ ಬ್ರಾಂಚಿನವರು ಓದಿದರೆ ತಿಳಿಯುತ್ತದೆಯೇ? ತಿದ್ದುವ ಪೆನ್ನು ಮಾತ್ರ ಬರೆದವನ ಕೈಯಲ್ಲೇ ಇರುತ್ತದೆ. ಕಾಗುಣಿತ ಸರಿಮಾಡಿಕೊಡುವ ಅಂಗಡಿ ಇದಲ್ಲ. ಒಂದು ವರದಿ ಚೆನ್ನಾಗುವುದಕ್ಕಿಂತ ಅದನ್ನು ಬರೆದವನು ಮುಂದಿನ ವರದಿಯನ್ನು ತಾನೇ ಚೆನ್ನಾಗಿ ಬರೆಯುವಂತಾಗುವುದು ಮುಖ್ಯ.

ಕರ್ನಾಟಕದ ಕಾಲೇಜುಗಳಲ್ಲಿ ಇದನ್ನು ಮಾಡುವುದಾದರೆ ಎರಡು ಸೇರ್ಪಡೆ ಬೇಕು. ಮೊದಲನೆಯದು ಓದು. ಸಂಶೋಧನಾ ಲೇಖನವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಕಾದಂಬರಿಯಂತೆ ಓದಬೇಕಿಲ್ಲ. ಸಾರಾಂಶ, ಚಿತ್ರಗಳು, ತೀರ್ಮಾನ ನೋಡಿ ಆಮೇಲೆ ಒಳಗೆ ಇಳಿಯಬಹುದು ಎಂಬುದನ್ನೂ ಯಾರಾದರೂ ಜೊತೆಗೆ ಕೂತು ತೋರಿಸಬೇಕು. ವಾರಕ್ಕೊಮ್ಮೆ ಐದಾರು ಮಂದಿ ಒಂದೇ ಲೇಖನ ಓದಿ ಚರ್ಚಿಸಿದರೂ ಸಾಕು.

ಎರಡನೆಯದು ಕನ್ನಡ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಹೇಳಿ ಸ್ಪಷ್ಟ ಮಾಡಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆಯಲು ಅಲ್ಲಿ ಅವಕಾಶವಿರಬೇಕು. ಕನ್ನಡದಲ್ಲೇ ಬರೆಯುವುದಕ್ಕೂ ನೆರವು ಬೇಕು. ರೈತರಿಗಾಗಿ ಎಂದು ಹನಿ ನೀರಾವರಿ ಯಂತ್ರ, ಮಣ್ಣಿನ ತೇವಾಂಶದ ಸೆನ್ಸರ್ ಮಾಡುವ ಪ್ರಾಜೆಕ್ಟ್‌ಗಳು ಪ್ರತಿ ವರ್ಷ ಬರುತ್ತವೆ. ಅದನ್ನು ಬಳಸುವುದು ಹೇಗೆ, ಕೆಟ್ಟರೆ ಏನು ಮಾಡಬೇಕು ಎಂದು ರೈತನಿಗೆ ತಿಳಿಯುವ ಕನ್ನಡದಲ್ಲಿ ಎರಡು ಪುಟ ಬರೆದ ರಿಪೋರ್ಟ್ ಎಷ್ಟಿವೆ? ವಿಜ್ಞಾನ ಕನ್ನಡಕ್ಕೆ ಒಗ್ಗುವುದಿಲ್ಲ ಎನ್ನುವ ನೆಪವೂ ಇಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಖರ್ಚಿನ ಮಾತು ಬರುತ್ತದೆ. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. ಗ್ರಂಥಾಲಯದಲ್ಲಿ ಒಂದು ಕೋಣೆ, ಮೂರು ಮೇಜು, ಮೇಲ್ವಿಚಾರಣೆಗೆ ಒಬ್ಬ ಭಾಷಾ ಉಪನ್ಯಾಸಕರು. ಆರು ಮಂದಿ ಸೀನಿಯರ್‌ಗಳಿಗೆ ತರಬೇತಿ ಕೊಟ್ಟು ತಲಾ ವಾರಕ್ಕೆ ನಾಲ್ಕು ಗಂಟೆ ಕೂರಿಸಿದರೆ 24 ಗಂಟೆ. ಒಬ್ಬರಿಗೆ ಅರ್ಧ ಗಂಟೆಯಂತೆ ವಾರಕ್ಕೆ 48, ಹದಿನೈದು ವಾರದ ಸೆಮಿಸ್ಟರಿಗೆ 720 ಭೇಟಿ. ಕೂರುವ ಸೀನಿಯರ್‌ಗಳಿಗೆ ಸಣ್ಣ ಗೌರವಧನ ಅಥವಾ ಚಟುವಟಿಕೆಯ ಅಂಕ ಕೊಡಬಹುದು. ಇನ್ನೊಬ್ಬರ ಬರಹ ಓದುತ್ತಾ ಅವರ ಬರಹವೂ ಸುಧಾರಿಸುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಇದು ‘ದಡ್ಡರ ಕ್ಲಾಸ್’ ಎಂಬ ಹಣೆಪಟ್ಟಿ ಹಚ್ಚಿಕೊಳ್ಳಬಾರದು. ಹಾಗಾದರೆ ಯಾರಿಗೆ ತೀರಾ ಅಗತ್ಯವೋ ಅವರೇ ಬರುವುದಿಲ್ಲ. ರ‍್ಯಾಂಕ್ ವಿದ್ಯಾರ್ಥಿಯೂ ತನ್ನ ಪೇಪರ್ ಹಿಡಿದು ಬರಬೇಕು, ಉಪನ್ಯಾಸಕರೂ ತಮ್ಮ ಲೇಖನ ತಂದರೆ ಇನ್ನೂ ಒಳ್ಳೆಯದು. ಭೇಟಿಗೆ ಹಾಜರಾತಿಯೂ ಬೇಡ, ಅಂಕವೂ ಬೇಡ.

ಕಾಲೇಜುಗಳು ಹೊಸ ಲ್ಯಾಬ್ ತೆರೆದಾಗ ರಿಬ್ಬನ್ ಕತ್ತರಿಸುತ್ತವೆ, ಫೋಟೊ ಹಾಕಿಸುತ್ತವೆ. ಮುಂದಿನ ಸೆಮಿಸ್ಟರಿಗೆ ಒಂದಾದರೂ ಕಾಲೇಜು ಗ್ರಂಥಾಲಯದ ಮೂಲೆಯಲ್ಲಿ ಮೂರು ಮೇಜು ಹಾಕಿ ಬಾಗಿಲಿಗೆ ‘ಬರವಣಿಗೆ ಲ್ಯಾಬ್’ ಎಂದು ಬೋರ್ಡ್ ತೂಗುಹಾಕಲಿ. ಎದುರು ಕೂತು ಓದಲು ನಮ್ಮಲ್ಲೇ ಎಷ್ಟೋ ಮಂದಿ ಸಿದ್ಧರಿದ್ದೇವೆ.