ಪೇಸ್ಟ್ ಯಾವುದು ಎನ್ನುವ ಮೊದಲು, ಸೋರುತ್ತಿರುವುದು ಎಲ್ಲಿಂದ?

ಆಲೂಗಡ್ಡೆ ಬಿತ್ತನೆಗೆ ಹೊಲ ಹಸನು ಮಾಡುವ ಟ್ರ್ಯಾಕ್ಟರು, ಹೇಮಾವತಿ ನಾಲೆಯ ಗದ್ದೆಯಲ್ಲಿ ಕೆಸರು ಹದ ಮಾಡುವ ಪವರ್ ಟಿಲ್ಲರು, ಡೇರಿಗೆ ಹಾಲಿನ ಕ್ಯಾನು ಹೊರುವ ಬೈಕು: ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆಯ ಬದುಕಿನ ದೊಡ್ಡ ಪಾಲು ಇವುಗಳ ಎಂಜಿನ್ನಿನ ಮೇಲೆ ನಿಂತಿದೆ. ಎಂಜಿನ್ ಹಳೆಯದಾದಂತೆ ಒಂದಲ್ಲ ಒಂದು ಕಡೆ ಆಯಿಲ್ ಜಿನುಗುತ್ತದೆ. ಆಗ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ‘ಆಯಿಲ್ ಲೀಕಿಗೆ ಒಳ್ಳೆ ಪೇಸ್ಟ್ ಕೊಡಿ’ ಎಂದು ಕೇಳುವುದು, ಅಂಗಡಿಯವರು ಕೈಗೆ ಸಿಕ್ಕ ಟ್ಯೂಬು ಕೊಡುವುದು ರೂಢಿಯಾಗಿದೆ. ಎಲ್ಲಿಂದ ಸೋರುತ್ತಿದೆ ಎಂದು ಕೊಳ್ಳುವವರು ಹೇಳುವುದಿಲ್ಲ, ಮಾರುವವರು ಕೇಳುವುದಿಲ್ಲ. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸೀಲಂಟ್ ಆರಿಸುವುದು ಆ ಕೆಲಸದ ಕೊನೆಯ ಹೆಜ್ಜೆ. ಅದನ್ನೇ ಮೊದಲ ಹೆಜ್ಜೆ ಮಾಡಿಕೊಂಡಿರುವುದರಿಂದ ಟ್ಯೂಬಿನ ಮೇಲೆ ಟ್ಯೂಬು ಖಾಲಿಯಾದರೂ ಸೋರಿಕೆ ನಿಲ್ಲುತ್ತಿಲ್ಲ.

ಹೆಂಚಿನ ಮನೆ ಸೋರುವಾಗ ನೀರು ತೊಟ್ಟಿಕ್ಕುವ ಜಾಗದ ಮೇಲೆಯೇ ಹೆಂಚು ಒಡೆದಿರಬೇಕೆಂದಿಲ್ಲ; ಎಂಜಿನ್ನೂ ಹಾಗೆಯೇ. ಮೇಲಿನ ಟ್ಯಾಪೆಟ್ ಕವರಿನಲ್ಲಿ ಜಿನುಗಿದ ಆಯಿಲ್ ಬ್ಲಾಕಿನ ಮೈಮೇಲೆ ಇಳಿದು, ಫ್ಯಾನಿನ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಕೆಳಗಿನ ಆಯಿಲ್ ಚೇಂಬರಿನ ಅಂಚಿನಿಂದ ತೊಟ್ಟಿಕ್ಕುತ್ತದೆ. ನೋಡಿದವರು ಚೇಂಬರ್ ಪ್ಯಾಕಿಂಗ್ ಹೋಗಿದೆ ಎಂದುಕೊಂಡು ಅಲ್ಲಿಗೇ ಪೇಸ್ಟ್ ಮೆತ್ತುತ್ತಾರೆ. ಇದನ್ನು ಪತ್ತೆ ಹಚ್ಚಲು ದುಬಾರಿ ಉಪಕರಣ ಬೇಡ. ತಣ್ಣಗಿರುವ ಎಂಜಿನ್ನನ್ನು ಡೀಸೆಲ್ಲು, ಬ್ರಷ್ಷು ಹಿಡಿದು ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅನುಮಾನದ ಜಾಗಕ್ಕೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನೇ ತೆಳುವಾಗಿ ಉದುರಿಸಿ, ಹತ್ತು ಹದಿನೈದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು. ಬಿಳಿಯ ಮೇಲೆ ಕಪ್ಪಗೆ ಒಂದು ಗೆರೆ ಮೂಡುತ್ತದೆ. ಆ ಗೆರೆಯ ಮೇಲ್ತುದಿ ಎಲ್ಲಿದೆಯೋ ರೋಗ ಅಲ್ಲಿದೆ.

ಸೋರುವ ಜಾಗ ಸಿಕ್ಕರೂ ಕಾರಣ ಸಿಕ್ಕಂತಾಗಲಿಲ್ಲ. ಪಿಸ್ಟನ್ ಓಡಾಡುವಾಗ ಒಂದಿಷ್ಟು ಹೊಗೆ ರಿಂಗುಗಳ ಸಂದಿಯಿಂದ ಕೆಳಕ್ಕೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಎಂಜಿನ್ನಿಗೆ ಬ್ರೀದರ್ ಪೈಪ್ ಇರುತ್ತದೆ. ರಾಗಿ ಒಕ್ಕಣೆಯ ಹೊಟ್ಟು, ಹೊಲದ ಧೂಳು, ಗದ್ದೆಯ ಕೆಸರು ಆಯಿಲಿನ ಜಿಡ್ಡಿಗೆ ಅಂಟಿ ಆ ಪೈಪಿನ ಬಾಯಿ ಗಟ್ಟಿ ಮೆತ್ತಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಇದ್ದುದರಲ್ಲಿ ದುರ್ಬಲವಾದ ಜೋಡಣೆಯಿಂದ ಆಯಿಲ್ ಹೊರಗೆ ಬರುತ್ತದೆ. ಹೀಗಿರುವಾಗ ಒಂದು ಕಡೆ ಪೇಸ್ಟ್ ಹಾಕಿ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಬ್ರೀದರ್ ಬಿಚ್ಚಿ ತೊಳೆಯಲು ಅರ್ಧ ಗಂಟೆಯೂ ಬೇಡ, ಕಾಸೂ ಖರ್ಚಿಲ್ಲ. ಆಯಿಲ್ ಗೇಜ್ ಮೇಲಿನ ಗೆರೆಯನ್ನು ದಾಟುವಷ್ಟು ತುಂಬಿದ್ದರೂ ಸೋರುತ್ತದೆ. ಬ್ರೀದರ್ ಸರಿಯಿದ್ದು, ಆಯಿಲ್ ಮಟ್ಟವೂ ಸರಿಯಿದ್ದು, ಅದೇ ಪೈಪಿನಿಂದ ಹೊಗೆ ದಟ್ಟವಾಗಿ ಬುಸುಬುಸು ಬರುತ್ತಿದ್ದರೆ ರಿಂಗು, ಬೋರು ಸವೆದಿವೆ ಎಂದರ್ಥ. ಆ ಕಾಯಿಲೆಗೆ ಯಾವ ಟ್ಯೂಬಿನಲ್ಲೂ ಮದ್ದಿಲ್ಲ.

ಇಷ್ಟಾದ ಮೇಲೆ ಪೇಸ್ಟಿನ ಮಾತು. ಮೊದಲಿನಿಂದ ಮೆಕ್ಯಾನಿಕ್ಕುಗಳು ನೆಚ್ಚಿಕೊಂಡದ್ದು ಶೆಲ್ಯಾಕ್, ಅಂದರೆ ಅರಗಿನಿಂದ ಮಾಡಿದ ಅಂಟು. ಎಂಜಿನ್ ಆಯಿಲಿಗೆ ಅದು ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಕಾಗದದ ಪ್ಯಾಕಿಂಗಿಗೆ ತೆಳ್ಳಗೆ ಸವರಲು ಇವತ್ತಿಗೂ ತಕ್ಕುದೇ. ಆದರೆ ಒಣಗಿದರೆ ಗಾಜಿನಂತೆ ಪೆಡಸಾಗುತ್ತದೆ, ಆದ್ದರಿಂದ ಅದೊಂದನ್ನೇ ನಂಬಿ ಅದುರುವ ತಗಡಿನ ಕವರನ್ನು ಕೂರಿಸಬಾರದು. ತಗಡಿನ ಚೇಂಬರು, ಟ್ಯಾಪೆಟ್ ಕವರಿನ ಮೂಲೆ ಇಂಥ ಕಡೆಗೆ ರಬ್ಬರಿನಂತೆ ಬಾಗುವ ಸಿಲಿಕಾನ್ ಸರಿ. ಅದರಲ್ಲೂ ಹುಳಿ ವಿನೆಗರ್ ವಾಸನೆ ಬರುವ ಬಾತ್‌ರೂಮ್ ಸಿಲಿಕಾನನ್ನು ಎಂಜಿನ್ನಿಗೆ ಹಾಕಬಾರದು, ಅದು ಆರುವಾಗ ಬಿಡುವ ಆಮ್ಲ ಅಲ್ಯೂಮಿನಿಯಂ, ತಾಮ್ರವನ್ನು ತಿನ್ನುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕು, ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಆಕ್ಸಿಜನ್ ಸೆನ್ಸಾರ್ ಇರುವುದರಿಂದ, ಸೆನ್ಸಾರಿಗೆ ಸುರಕ್ಷಿತ ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನೇ ಕೊಳ್ಳಬೇಕು. ಪೆಟ್ರೋಲ್ ತಾಗಿದರೆ ಸಿಲಿಕಾನ್ ಉಬ್ಬಿ ಕಿತ್ತುಬರುತ್ತದೆ, ಹಾಗಾಗಿ ಕಾರ್ಬುರೇಟರ್ ಹತ್ತಿರ ಅದು ಸುಳಿಯಬಾರದು. ಇನ್ನೊಂದು ಜಾತಿ ಗಾಳಿ ಸಿಗದಿದ್ದಾಗ ಮಾತ್ರ ಗಟ್ಟಿಯಾಗುವ ಅನ್‌ಏರೋಬಿಕ್ ಸೀಲಂಟ್. ಅಮೆರಿಕದ ರಸಾಯನಶಾಸ್ತ್ರದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಬಗೆ ಇದು. ನುಣ್ಣಗೆ ಮೆಷಿನ್ ಮಾಡಿದ ಎರಡು ಲೋಹಗಳು ನೇರವಾಗಿ ಕೂರುವ ಗೇರ್‌ಬಾಕ್ಸಿನಂಥ ಜೋಡಣೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಸೊಟ್ಟಗಾದ ತಗಡಿನ ಅಂಚಿನಲ್ಲಿ ಹಚ್ಚಿದರೆ ಗಾಳಿ ಆಡಿ ಹಸಿಯಾಗಿಯೇ ಉಳಿಯುತ್ತದೆ. ಹೆಸರಾದ ಕಂಪನಿ, ದುಬಾರಿ ಬೆಲೆ ನೋಡಿ ಕೊಂಡರೆ ಈ ವ್ಯತ್ಯಾಸ ಕಾಣಿಸುವುದಿಲ್ಲ. ಯಾವ ಸೀಲಂಟ್ ಬೇಕೆಂದು ಹೇಳುವುದು ಜೋಡಣೆ.

ಸರಿಯಾದ ಪೇಸ್ಟೂ ಹಚ್ಚುವ ರೀತಿಯಿಂದ ಕೆಡುತ್ತದೆ, ಅದರಲ್ಲೂ ಜಾಸ್ತಿ ಹಚ್ಚುವುದರಿಂದ. ಎರಡು ಮೂರು ಮಿಲಿಮೀಟರ್ ದಪ್ಪದ ಒಂದು ಎಳೆ ಬೋಲ್ಟಿನ ತೂತುಗಳ ಒಳಬದಿಯಲ್ಲಿ ಸುತ್ತಿ ಬಂದರೆ ಸಾಕು. ಬೆರಳು ದಪ್ಪ ಮೆತ್ತಿ ಬಿಗಿದಾಗ ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿರುತ್ತದೆ. ಒಳಗಿನ ಆ ಶ್ಯಾವಿಗೆಯಂಥ ಎಳೆ ಎಂದೋ ಕಳಚಿ ಆಯಿಲಿಗೆ ಬಿದ್ದು, ಪಂಪಿನ ಬಾಯಿಯ ಸ್ಟ್ರೈನರ್ ಜಾಲರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬೇರಿಂಗಿಗೆ ಆಯಿಲ್ ಹೋಗುವುದಿಲ್ಲ, ಎಂಜಿನ್ ಸೀಜ್. ಹಳೆಯ ಪ್ಯಾಕಿಂಗ್ ಚೂರು ಉಳಿಯದಂತೆ ಕೆರೆದು, ಆಯಿಲಿನ ಪಸೆ ಹೋಗುವವರೆಗೆ ಒರೆಸಿ, ಬೋಲ್ಟುಗಳನ್ನು ಅಡ್ಡಡ್ಡ ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿ, ಆರಲು ಬಿಡಬೇಕು. ಜೋರಾಗಿ ಬಿಗಿದರೆ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆ.

ಬಿತ್ತನೆ ಹೊತ್ತಿನಲ್ಲಿ ಗಾಡಿಯನ್ನು ಒಂದು ದಿನ ನಿಲ್ಲಿಸಲು ಯಾರಿಗೆ ಪುರಸೊತ್ತಿದೆ ಎಂಬ ಪ್ರಶ್ನೆ ಬರುತ್ತದೆ. ಹದ ಮಳೆ ಕಾಯುವುದಿಲ್ಲ, ನಿಜ. ಆದರೆ ಅವಸರದಲ್ಲಿ ಜಿಡ್ಡಿನ ಮೇಲೆಯೇ ಮೆತ್ತಿದ್ದು ಕಿತ್ತುಬಂದರೆ ಅದೇ ಕೆಲಸ ಮತ್ತೆ ಮಾಡಬೇಕು, ಅದೂ ಹೊಲದ ನಡುವೆ. ಜಿನುಗು ಸಣ್ಣದಾದರೆ ದಿನಾ ಬೆಳಿಗ್ಗೆ ಗೇಜ್ ನೋಡಿ ಆಯಿಲ್ ಹಾಕಿಕೊಂಡು ಬಿತ್ತನೆ ಮುಗಿಸಿ, ಆಮೇಲೆ ಬಿಚ್ಚುವುದೇ ಮೇಲು. ಹಾಗೆಂದು ಸುರಿದುಕೊಂಡೇ ವರ್ಷ ತಳ್ಳುವುದನ್ನು ಒಪ್ಪಲಾಗದು. ಗೇಜ್ ನೋಡಲು ಮರೆತ ಒಂದು ದಿನ ಸಾಕು, ಬೇರಿಂಗ್ ಹೋಗಲು. ಕಾದ ಸೈಲೆನ್ಸರಿನ ಮೇಲೆ ಬಿದ್ದ ಆಯಿಲ್ ಹೊತ್ತಿಕೊಳ್ಳಲೂಬಹುದು. ಗದ್ದೆಯ ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ಹರಡುವುದೂ ಅದೇ ಆಯಿಲ್. ಆ ನೀರು ಹೇಮಾವತಿಗೇ ಬಸಿಯುತ್ತದೆ.

ಬಿಚ್ಚುವ ರಗಳೆಯೇ ಬೇಡ, ಆಯಿಲಿಗೆ ಬೆರೆಸುವ ಸ್ಟಾಪ್ ಲೀಕ್ ಬಾಟಲಿ ಇದೆಯಲ್ಲ ಎನ್ನುವವರಿಗೂ ಉತ್ತರ ಹೇಳಬೇಕು. ಅದನ್ನು ಸಾರಾಸಗಟಾಗಿ ಮೋಸ ಎನ್ನುವುದು ಸರಿಯಲ್ಲ. ವರ್ಷಗಟ್ಟಲೆ ಕಾವು ತಿಂದು ಗಡುಸಾದ ರಬ್ಬರ್ ಆಯಿಲ್ ಸೀಲನ್ನು ಅದು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುತ್ತದೆ. ಕ್ರ್ಯಾಂಕಿನ ಹಿಂಬದಿಯ ಸೀಲಿಗಾಗಿ ಟ್ರ್ಯಾಕ್ಟರನ್ನೇ ಎರಡು ಭಾಗ ಮಾಡಬೇಕಾದಾಗ, ಕೆಲವು ತಿಂಗಳು ದಾಟಿಸಲು ಅದು ನೆರವಾಗಬಹುದು. ಆದರೆ ಹರಿದ ಕಾಗದದ ಪ್ಯಾಕಿಂಗು, ಸೀಳಿದ ಲೋಹದ ಮುಂದೆ ಅದರ ಆಟ ನಡೆಯದು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳೂ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಅಲ್ಲಿಗೆ ಇದನ್ನು ಸುರಿದರೆ ಕ್ಲಚ್ ಜಾರುವ ಅಪಾಯವಿದೆ.

ಇದೆಲ್ಲ ಮೆಕ್ಯಾನಿಕ್ ಮಾಡುವ ಕೆಲಸ, ರೈತ ಕೈಹಾಕಿದರೆ ಕೆಡಿಸುತ್ತಾನೆ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹೆಡ್ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್, ಸೀಳಿದ ಬ್ಲಾಕ್ ಮನೆಯಂಗಳದ ಕೆಲಸವಲ್ಲ. ಟ್ಯಾಪೆಟ್ ಕವರು, ಡ್ರೈನ್ ಬೋಲ್ಟಿನ ವಾಷರು, ಆಯಿಲ್ ಫಿಲ್ಟರಿನ ರಬ್ಬರ್ ರಿಂಗು, ಬ್ರೀದರ್ ಇವು ನೇಗಿಲು, ನೊಗ ತಾನೇ ಸರಿಮಾಡಿಕೊಂಡವರ ಮಕ್ಕಳ ಕೈಗೆ ಮೀರಿದವಲ್ಲ. ಸಬ್ಸಿಡಿಯಲ್ಲಿ ಟಿಲ್ಲರ್ ಕೊಡಿಸುವ ಕೃಷಿ ಇಲಾಖೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಕಂದಲಿಯ ಕೃಷಿ ವಿಜ್ಞಾನ ಕೇಂದ್ರದ ಜೊತೆ ಸೇರಿ, ಮುಂಗಾರಿಗೆ ಮುಂಚೆ ಒಂದು ದಿನ ಇದನ್ನು ಎಂಜಿನ್ ಬಿಚ್ಚಿಯೇ ತೋರಿಸಬೇಕು. ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಅಷ್ಟೂ ಕಷ್ಟವಿಲ್ಲ. ಟ್ಯೂಬು ಕೊಡುವ ಮುಂಚೆ ಯಾವ ಕವರು, ತಗಡೋ ಎರಕವೋ, ಬ್ರೀದರ್ ನೋಡಿದಿರಾ ಎಂದು ಕೇಳಿದರಾಯಿತು.